ಸಸ್ಯರಸದಿಂದ ಬೆಳ್ಳಿಯ ಅತಿಸೂಕ್ಷ್ಮ ಕಣಗಳು ಮತ್ತು ಅವುಗಳ ವೈದ್ಯಕೀಯ ಉಪಯೋಗ

(ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರನ್ನು ಉದ್ದೇಶಿಸಿ ರಾಯಚೂರಿನಲ್ಲಿ ಮಾಡಿದ ಭಾಷಣ)



ಬೇವಿನ ಸೊಪ್ಪಿನ ಕಷಾಯಕ್ಕೆ ಬೆಳ್ಳಿಯ ಲವಣವನ್ನು ಸೇರಿಸಿದರೆ ಗಾಯ ಮಾಯಿಸುವ ಔಷಧ ಸಿದ್ಧವಾಗುತ್ತದೆ ಎಂಬ ಮಾತನ್ನು ತಮ್ಮಲ್ಲಿ ಕೆಲವರು ಕೇಳಿರಬಹುದು. ಕಾಲೇಜಿನಲ್ಲಿ ವಿಜ್ಞಾನ ಓದುವ ಮಕ್ಕಳು ಇದನ್ನು ತಮ್ಮ ಪ್ರಯೋಗವೆಂದು ಮನೆಯಲ್ಲಿ ಹೇಳುತ್ತಾರೆ; ಪತ್ರಿಕೆಗಳಲ್ಲಿಯೂ ಆಗಾಗ ಸುದ್ದಿ ಬರುತ್ತದೆ. ಈ ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಯಾವ ಭಾಗ ನಿಜ, ಎಲ್ಲಿಯವರೆಗೆ ನಿಜ, ಅದರಿಂದ ರೈತನಿಗೆ ಆಗುವುದೇನು ಎಂಬುದನ್ನು ಇಂದು ತಮ್ಮ ಮುಂದಿಡುತ್ತೇನೆ. ಕೊನೆಯ ಪ್ರಶ್ನೆಯೇ ಮುಖ್ಯ. ಹೊಸ ಹೆಸರೊಂದು ಬಂದರೆ ಅದರ ಬೆನ್ನಿಗೇ ಹೊಸ ಶೀಶೆಯೂ ಹೊಸ ಸಸಿಯೂ ಮಾರಾಟಕ್ಕೆ ಬರುವುದುಂಟು. ಆಗ ಹೋಗುವುದು ರೈತನ ಹಣ, ಕೆಡುವುದು ರೈತನ ಮೈ.

ಬೆಳ್ಳಿಯ ಲವಣ ತಮಗೆ ಅಪರಿಚಿತವಾದುದೇನಲ್ಲ. ಮತ ಹಾಕುವಾಗ ಎಡಗೈ ಬೆರಳಿಗೆ ಹಚ್ಚುವ ಶಾಯಿಯಲ್ಲಿ ಇರುವುದು ಅದೇ, ಸಿಲ್ವರ್ ನೈಟ್ರೇಟ್. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಆರಂಭವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಕಾರ್ಖಾನೆಯು 1962ರ ಸಾರ್ವತ್ರಿಕ ಚುನಾವಣೆಯಿಂದ ಈ ಶಾಯಿಯನ್ನು ಒದಗಿಸುತ್ತಾ ಬಂದಿದೆ. ಹಚ್ಚಿದ ಮೇಲೆ ಬೆಳಕು ಬಿದ್ದಂತೆ ಅದು ಕಪ್ಪಾಗುತ್ತದೆ. ಸಾಬೂನು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಬೆಳ್ಳಿಯ ಲವಣವು ಚರ್ಮದಲ್ಲಿರುವ ಉಪ್ಪಿನೊಡನೆ ಸೇರಿ, ಬೆಳಕಿಗೆ ಒಡೆದು, ಬೆಳ್ಳಿ ಲೋಹದ ಸಣ್ಣ ಸಣ್ಣ ಕಣಗಳಾಗಿ ಚರ್ಮದಲ್ಲಿಯೇ ಕುಳಿತುಬಿಡುವುದು ಇದಕ್ಕೆ ಕಾರಣ. ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿದ್ದ ಬೆಳ್ಳಿ ಮತ್ತೆ ಲೋಹವಾಯಿತು. ಇಂದಿನ ವಿಷಯದ ಅರ್ಧ ಇಷ್ಟೇ.

ಪತ್ತಾರರಿಗೂ ಇದು ಗೊತ್ತು. ಅವರು ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಆ ದ್ರಾವಣದಲ್ಲಿ ತಾಮ್ರದ ಪಟ್ಟಿಯನ್ನಿಟ್ಟು, ಶುದ್ಧ ಬೆಳ್ಳಿಯನ್ನು ಹೊರತೆಗೆಯುತ್ತಾರೆ. ಅಲ್ಲಿ ತಾಮ್ರ ಮಾಡುವ ಕೆಲಸವನ್ನು ಇಲ್ಲಿ ಸೊಪ್ಪಿನ ರಸ ಮಾಡುತ್ತದೆ. ಆದರೆ ತಾಮ್ರ ಕೊಡುವುದು ಕಣ್ಣಿಗೆ ಕಾಣುವ ಬೆಳ್ಳಿಯ ಪುಡಿಯನ್ನು. ಸೊಪ್ಪು ಕೊಡುವುದು ಕಣ್ಣಿಗಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸ್ಪಷ್ಟವಾಗಿ ಕಾಣದಷ್ಟು ನುಣುಪಾದ ಕಣಗಳನ್ನು. ಇವನ್ನೇ ಬೆಳ್ಳಿಯ ನ್ಯಾನೊ ಕಣಗಳು ಎನ್ನುತ್ತಾರೆ.

ನ್ಯಾನೊ ಎಂಬ ಮಾತು 2021ರಿಂದೀಚೆಗೆ ನ್ಯಾನೊ ಯೂರಿಯಾದ ಅರ್ಧ ಲೀಟರ್ ಶೀಶೆಯ ಮೂಲಕ ತಮಗೆಲ್ಲ ಪರಿಚಯವಾಗಿದೆ. ಅದು ಬೇರೆ ವಸ್ತು. ಅದರಲ್ಲಿ ಬೆಳ್ಳಿ ಇಲ್ಲ. ನ್ಯಾನೊ ಎಂಬುದು ಒಂದು ವಸ್ತುವಿನ ಹೆಸರಲ್ಲ, ಅಳತೆಯ ಹೆಸರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ನ್ಯಾನೊಮೀಟರು. ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೊಮೀಟರು. ಕೀವು ಹುಟ್ಟಿಸುವ ಒಂದು ಸೂಕ್ಷ್ಮಾಣುವಿನ ಅಳತೆ ಸುಮಾರು ಒಂದು ಸಾವಿರ. ನಾವು ಮಾತನಾಡುತ್ತಿರುವ ಬೆಳ್ಳಿಯ ಕಣಗಳು ಹೆಚ್ಚಾಗಿ 10ರಿಂದ 50 ನ್ಯಾನೊಮೀಟರಿನವು.

ಇಷ್ಟು ಸಣ್ಣದು ಮಾಡಿದರೆ ಬರುವ ಲಾಭವೇನು? ಬೆಲ್ಲದ ಅಚ್ಚು ನೀರಿನಲ್ಲಿ ಕರಗಲು ಹೊತ್ತು ಹಿಡಿಯುತ್ತದೆ, ಪುಡಿ ಬೆಲ್ಲ ಬೇಗ ಕರಗುತ್ತದೆ. ಪುಡಿ ಮಾಡಿದಂತೆ ನೀರಿಗೆ ತಾಗುವ ಮೈ ಹೆಚ್ಚುತ್ತದೆ. ಉದ್ದ, ಅಗಲ, ಎತ್ತರ ಒಂದೊಂದು ಸೆಂಟಿಮೀಟರ್ ಇರುವ ಬೆಳ್ಳಿಯ ತುಂಡಿನ ತೂಕ ಹತ್ತೂವರೆ ಗ್ರಾಂ, ಅಂದರೆ ಒಂದು ತೊಲೆಗೆ ತುಸು ಕಡಿಮೆ. ಅದರ ಆರೂ ಮೈ ಸೇರಿ 6 ಚದರ ಸೆಂಟಿಮೀಟರು. ಅದನ್ನೇ ಹತ್ತು ನ್ಯಾನೊಮೀಟರಿನ ತುಂಡುಗಳಾಗಿ ಒಡೆದರೆ ಒಟ್ಟು ಮೈ 600 ಚದರ ಮೀಟರ್ ಆಗುತ್ತದೆ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಆರು ಗುಂಟೆ. ಒಂದು ಕಾಲುಂಗುರದಷ್ಟು ಬೆಳ್ಳಿ ಆರು ಗುಂಟೆ ಹೊಲದಷ್ಟು ಹರಡಿತು. ಬೆಳ್ಳಿ ಸೂಕ್ಷ್ಮಾಣುಗಳ ಮೇಲೆ ಕೆಲಸ ಮಾಡುವುದು ಈ ಮೈಯಿಂದ ಬಿಡುಗಡೆಯಾಗುವ ಬೆಳ್ಳಿಯ ಅಯಾನುಗಳ ಮೂಲಕ. ಅವು ಸೂಕ್ಷ್ಮಾಣುವಿನ ಹೊರಪೊರೆಯನ್ನು ಕೆಡಿಸುತ್ತವೆ, ಅದರ ಉಸಿರಾಟಕ್ಕೆ ಬೇಕಾದ ಗಂಧಕಯುಕ್ತ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ನಿಷ್ಕ್ರಿಯಗೊಳಿಸುತ್ತವೆ. ಹಾಲಿನ ಪಾತ್ರೆಯಲ್ಲಿ ಬೆಳ್ಳಿಯ ರೂಪಾಯಿ ಹಾಕಿಡುತ್ತಿದ್ದ ಹಿರಿಯರ ಪದ್ಧತಿಯ ಹಿಂದೆ ಇದರ ಒಂದು ಎಳೆ ಇದೆಯಾದರೂ, ನಾಣ್ಯದ ಮೈ ಎಷ್ಟು ಕಿರಿದೆಂಬುದನ್ನು ಮೇಲಿನ ಲೆಕ್ಕದಿಂದ ತಾವೇ ಊಹಿಸಬಹುದು.

ಬೆಳ್ಳಿಯ ಇಂತಹ ಕಣಗಳು ಹೊಸತೇನಲ್ಲ. 1889ರಲ್ಲಿಯೇ ಅಮೆರಿಕದ ಕೇರಿ ಲೀ ಎಂಬ ರಸಾಯನ ವಿಜ್ಞಾನಿ, ನಿಂಬೆಹುಳಿಯ ಲವಣದ ಸಹಾಯದಿಂದ ಇವನ್ನು ತಯಾರಿಸಿದ್ದನು. 1897ರಿಂದ ಕೊಲಾರ್ಗೊಲ್ ಎಂಬ ಹೆಸರಿನಲ್ಲಿ ಅಂತಹ ಬೆಳ್ಳಿ ಔಷಧದ ಅಂಗಡಿಗಳಿಗೂ ಬಂದಿತ್ತು. ಹೊಸತೆಂದರೆ ಗಿಡದ ಪಾಲು. 2003ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಎಲ್ ಪಾಸೊ ಶಾಖೆಯ ವಿಜ್ಞಾನಿಗಳು, ನಾವು ಮೇವಿಗೆ ಬೆಳೆಯುವ ಕುದುರೆ ಮಸಾಲೆ ಸೊಪ್ಪಿನ ಗಿಡವು ಬೆಳ್ಳಿಯನ್ನು ಬೇರಿನಿಂದ ಹೀರಿಕೊಂಡು ತನ್ನ ಒಳಗೇ ಇಂತಹ ಕಣಗಳನ್ನಾಗಿ ಮಾಡುವುದನ್ನು ತೋರಿಸಿದರು. 2004ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಜೀವಂತ ಗಿಡದ ಗೊಡವೆಯೇ ಇಲ್ಲದೆ, ಬೇವಿನ ಸೊಪ್ಪಿನ ಕಷಾಯದಿಂದಲೇ ಬೆಳ್ಳಿ ಮತ್ತು ಚಿನ್ನದ ಕಣಗಳನ್ನು ಪಡೆದು ಪ್ರಕಟಿಸಿದರು. ಅಲ್ಲಿಂದ ಮುಂದೆ ತುಳಸಿ, ಲೋಳೆಸರ, ತಂಗಡಿ, ನಮ್ಮ ಬದುಗಳನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ, ಹೀಗೆ ಯಾವ ಗಿಡವನ್ನೂ ಬಿಡದೆ ಪ್ರಯೋಗ ಮಾಡಿದ್ದಾರೆ. ಲೇಖನಗಳು ಸಾವಿರಾರು ಆಗಿವೆ. ಬೆಳ್ಳಿಯ ಲವಣವನ್ನು ಲೋಹವಾಗಿಸುವ ಗುಣ ಹೆಚ್ಚುಕಡಿಮೆ ಎಲ್ಲ ಹಸಿರೆಲೆಯಲ್ಲಿಯೂ ಇರುವಾಗ, ಇನ್ನೊಂದು ಗಿಡದಿಂದಲೂ ಆಯಿತು ಎನ್ನುವುದರಲ್ಲಿ ಈಗ ಹೆಚ್ಚಿನ ವಿಶೇಷವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಾಡುವ ವಿಧಾನವನ್ನು ಸ್ಥೂಲವಾಗಿ ಹೇಳುತ್ತೇನೆ. ತಿಳಿಯಲಿಕ್ಕಾಗಿಯೇ ಹೊರತು ಮನೆಯಲ್ಲಿ ಮಾಡಲಿಕ್ಕಲ್ಲ. ಸುಮಾರು 10 ಗ್ರಾಂ ಸೊಪ್ಪನ್ನು ತೊಳೆದು, ಹೆಚ್ಚಿ, 100 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ ಕೆಲವು ನಿಮಿಷ ಕುದಿಸಿ ಸೋಸುತ್ತಾರೆ. ಒಂದು ಲೀಟರ್ ನೀರಿಗೆ 170 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿದ ದ್ರಾವಣವನ್ನು ಬೇರೆ ಸಿದ್ಧಪಡಿಸುತ್ತಾರೆ. ಈ ದ್ರಾವಣದ 90 ಮಿ.ಲೀ.ಗೆ 10 ಮಿ.ಲೀ. ಕಷಾಯವನ್ನು ಬೆರೆಸುತ್ತಾರೆ. ತಿಳಿಹಳದಿಯಾಗಿದ್ದ ನೀರು ನೋಡನೋಡುತ್ತಿದ್ದಂತೆ, ಇಲ್ಲವೆ ಕೆಲವು ಗಂಟೆಗಳಲ್ಲಿ, ಚಹದ ಡಿಕಾಕ್ಷನ್ನಿನಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿ ಮಾಡಿದರೆ ಬೇಗ, ತಣ್ಣಗಿದ್ದರೆ ನಿಧಾನ. ಬೆಳ್ಳಿಯ ಬಿಳುಪೆಲ್ಲಿ, ಈ ಕಂದು ಬಣ್ಣವೆಲ್ಲಿ ಎಂದು ತಮಗೆ ಅನ್ನಿಸಬಹುದು. ಲೋಹವು ಇಷ್ಟು ಸಣ್ಣದಾದಾಗ ಬೆಳಕಿನೊಡನೆ ಅದರ ವ್ಯವಹಾರವೇ ಬದಲಾಗುತ್ತದೆ. ಬೆಳ್ಳಿಯ ಕಣಗಳು 400ರಿಂದ 450 ನ್ಯಾನೊಮೀಟರಿನ ನೇರಳೆ-ನೀಲಿ ಬೆಳಕನ್ನು ಹೀರಿಕೊಂಡು ಉಳಿದುದನ್ನು ಬಿಡುತ್ತವೆ. ಪ್ರಯೋಗಾಲಯದಲ್ಲಿ ಕಣಗಳಾದವೋ ಇಲ್ಲವೋ ಎಂಬುದಕ್ಕೆ ಮೊದಲ ಪರೀಕ್ಷೆಯೇ ಇದು.

ನಮ್ಮ ಕಡೆಯ ಕೊಳವೆ ಬಾವಿಯ ನೀರಿನಲ್ಲಿ ಈ ಪ್ರಯೋಗ ಮೊದಲ ಹೆಜ್ಜೆಯಲ್ಲಿಯೇ ಕೆಡುತ್ತದೆ. ನೀರಿನಲ್ಲಿ ಉಪ್ಪಿನಂಶವಿದ್ದರೆ ಸಿಲ್ವರ್ ನೈಟ್ರೇಟ್ ಹಾಕಿದ ಕೂಡಲೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ; ಬೆಳ್ಳಿಯೆಲ್ಲ ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ. ಇದನ್ನು ನೆನಪಿನಲ್ಲಿಡಿ. ನಮ್ಮ ರಕ್ತವೂ ಬೆವರೂ ಉಪ್ಪುನೀರೇ. ಗಾಯದಲ್ಲಿ ಬೆಳ್ಳಿ ಹೇಗೆ ವರ್ತಿಸುತ್ತದೆ ಎಂಬ ಮಾತು ಬಂದಾಗ ಇದು ಬೇಕಾಗುತ್ತದೆ.

ಕಷಾಯದಲ್ಲಿ ಈ ಕೆಲಸ ಮಾಡುವ ವಸ್ತು ಯಾವುದು? ಒಂದಲ್ಲ, ಹಲವು. ಎಲೆಯಲ್ಲಿರುವ ಸಕ್ಕರೆಗಳು, ಫ್ಲೇವನಾಯ್ಡುಗಳು, ಟರ್ಪಿನಾಯ್ಡುಗಳು, ಚೊಗರು ಕೊಡುವ ಟ್ಯಾನಿನ್ನುಗಳು, ಪ್ರೋಟೀನುಗಳು, ಇವುಗಳಲ್ಲಿ ಕೆಲವು ಕರಗಿದ ಬೆಳ್ಳಿಯನ್ನು ಲೋಹವಾಗಿಸುತ್ತವೆ, ಕೆಲವು ಹುಟ್ಟಿದ ಕಣವನ್ನು ಸುತ್ತುವರಿದು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ಕಾಯುತ್ತವೆ. ತಂಗಡಿಯ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದುದು ಟ್ಯಾನಿನ್ನಿನ ಬಲದಿಂದಲೇ. ಎಲೆಯಿಲ್ಲದೆ ಇದೇ ಕೆಲಸ ಮಾಡಲು ಕಾರ್ಖಾನೆಗಳು ಬಳಸುವ ಸೋಡಿಯಂ ಬೋರೋಹೈಡ್ರೈಡ್, ಹೈಡ್ರಜೀನ್ ಮುಂತಾದವು ಅಪಾಯಕಾರಿ ರಾಸಾಯನಿಕಗಳು. ಅವುಗಳ ಬದಲಿಗೆ ಎಲೆ ಸಾಕೆನ್ನುವುದು ಈ ವಿಧಾನದ ನಿಜವಾದ ಹೆಚ್ಚುಗಾರಿಕೆ. ಇದಕ್ಕೆ ಹಸಿರು ವಿಧಾನವೆಂಬ ಹೆಸರು ಬಂದುದೂ ಅದರಿಂದಲೇ. ಆದರೆ ಹಸಿರು ಎಂಬ ವಿಶೇಷಣ ಹತ್ತಿರುವುದು ಮಾಡುವ ದಾರಿಗೆ, ಮಾಡಿದ ವಸ್ತುವಿಗಲ್ಲ. ಬೇವಿನಿಂದಾದರೂ ತುಳಸಿಯಿಂದಾದರೂ ಕೊನೆಗೆ ಶೀಶೆಯಲ್ಲಿರುವುದು ಬೆಳ್ಳಿ. ಸೊಪ್ಪಿನಿಂದ ಮಾಡಿದ್ದು, ಆದುದರಿಂದ ನಿರಪಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೆಳ್ಳಿಗೆ ವೈದ್ಯಶಾಸ್ತ್ರದಲ್ಲಿ ಸ್ಥಾನವಿಲ್ಲವೆಂದು ಇದರ ಅರ್ಥವಲ್ಲ. ಗೌರವದ ಸ್ಥಾನವೇ ಇದೆ. 1881ರಲ್ಲಿ ಜರ್ಮನಿಯ ಲೈಪ್ಜಿಗ್‌ನ ಕ್ರೆಡೆ ಎಂಬ ಹೆರಿಗೆ ವೈದ್ಯನು, ಹುಟ್ಟಿದ ಕೂಸಿನ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ತೆಳು ದ್ರಾವಣದ ಹನಿ ಹಾಕುವ ಪದ್ಧತಿಯನ್ನು ಪ್ರಕಟಿಸಿದನು; ತಾಯಿಯಿಂದ ಬರುವ ಸೋಂಕಿನಿಂದ ಕುರುಡಾಗುತ್ತಿದ್ದ ಎಷ್ಟೋ ಮಕ್ಕಳ ಕಣ್ಣು ಇದರಿಂದ ಉಳಿಯಿತು. 1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಮುಲಾಮನ್ನು ಸುಟ್ಟ ಗಾಯಕ್ಕೆ ತಂದನು. ಶೇ. 1ರ ಆ ಬಿಳಿ ಮುಲಾಮು ಆಸ್ಪತ್ರೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. 1990ರ ದಶಕದ ಕೊನೆಯಲ್ಲಿ ನ್ಯಾನೊ ಬೆಳ್ಳಿಯನ್ನು ಲೇಪಿಸಿದ ಗಾಯದ ಪಟ್ಟಿಗಳೂ ಬಂದವು. ಮೊದಲು ಬಂದ ಈ ಪಟ್ಟಿಗಳಲ್ಲಿ ಬೆಳ್ಳಿಯನ್ನು ಕೂರಿಸಿದ್ದು ಸೊಪ್ಪಿನಿಂದಲ್ಲ, ನಿರ್ವಾತದಲ್ಲಿ ಲೋಹವನ್ನು ಆವಿ ಮಾಡಿ. ಪೆನಿಸಿಲಿನ್ ಮುಂತಾದ ಜೀವಿರೋಧಕಗಳಿಗೆ ರೋಗಾಣುಗಳು ಬಗ್ಗದಂತಾಗುತ್ತಿರುವ ಈ ಕಾಲದಲ್ಲಿ ಬೆಳ್ಳಿಯ ಕಡೆ ಜಗತ್ತು ಮತ್ತೆ ತಿರುಗಿ ನೋಡುತ್ತಿರುವುದು ಸಹಜವಾಗಿಯೇ ಇದೆ.

ಆದರೆ ಈ ಯಾವುದೂ ಸರ್ವರೋಗ ನಿವಾರಕವಲ್ಲ. ಸಿಲ್ವರ್ ಸಲ್ಫಾಡಯಾಜಿನ್ ಮುಲಾಮಿನ ಬಗೆಗೇ ಈಚಿನ ವಿಮರ್ಶೆಗಳು, ಹಲವು ಬಗೆಯ ಸುಟ್ಟ ಗಾಯಗಳು ಬೇರೆ ಪಟ್ಟಿಗಳಿಗಿಂತ ಅದರಿಂದ ನಿಧಾನವಾಗಿ ಮಾಯುತ್ತವೆ ಎಂದು ಹೇಳಿವೆ. ಬೆಳ್ಳಿಯು ಸೂಕ್ಷ್ಮಾಣುವಿಗೂ ಹೊಸ ಚರ್ಮ ಕಟ್ಟುವ ನಮ್ಮ ಜೀವಕೋಶಕ್ಕೂ ಅಷ್ಟಾಗಿ ಭೇದ ಮಾಡುವುದಿಲ್ಲ. ಇನ್ನು, ಬೆಳ್ಳಿಗೆ ರೋಗಾಣುಗಳು ಒಗ್ಗಿಕೊಳ್ಳುವುದೇ ಇಲ್ಲ ಎಂಬ ಪ್ರಚಾರವೂ ಸರಿಯಲ್ಲ. 1975ರಲ್ಲಿಯೇ ಅಮೆರಿಕದ ಬಾಸ್ಟನ್ನಿನ ಒಂದು ಆಸ್ಪತ್ರೆಯ ಸುಟ್ಟ ಗಾಯದ ವಿಭಾಗದಲ್ಲಿ, ಸಿಲ್ವರ್ ನೈಟ್ರೇಟಿಗೆ ಬಗ್ಗದ ಸಾಲ್ಮೊನೆಲ್ಲಾ ರೋಗಾಣು ಕಾಣಿಸಿಕೊಂಡುದು ವರದಿಯಾಗಿದೆ. ಸಿಕ್ಕಸಿಕ್ಕಲ್ಲಿ ಬೆಳ್ಳಿಯನ್ನು ಬಳಸಿದರೆ ನಾಳೆ ನಿಜವಾಗಿ ಬೇಕಾದಾಗ ಅದು ಕೈಕೊಡಬಹುದು.

ಈಗ ಸೊಪ್ಪಿನ ಬೆಳ್ಳಿಗೆ ಬರೋಣ. ಪತ್ರಿಕೆಯಲ್ಲಿ ಬರುವ ಸುದ್ದಿಯ ಹಿಂದೆ ಸಾಮಾನ್ಯವಾಗಿ ಇರುವ ಪರೀಕ್ಷೆ ಇದು: ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಲೋಳೆಯನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಸೂಕ್ಷ್ಮಾಣುಗಳನ್ನು ಬೆಳೆಸಿ, ನಡುವೆ ಸಣ್ಣ ಗುಳಿ ಮಾಡಿ ಕಂದು ನೀರನ್ನು ಬಿಡುತ್ತಾರೆ. ಮರುದಿನ ಗುಳಿಯ ಸುತ್ತ ಸೂಕ್ಷ್ಮಾಣು ಬೆಳೆಯದ ಒಂದು ವೃತ್ತ ಕಾಣುತ್ತದೆ. ಅದರ ಅಗಲವನ್ನು ಅಳೆದು ಬರೆಯುತ್ತಾರೆ. ಒಳ್ಳೆಯ ಪರೀಕ್ಷೆಯೇ, ಆದರೆ ಅದು ಮೊದಲ ಮೆಟ್ಟಿಲು. ತಟ್ಟೆಯಲ್ಲಿ ಬ್ಲೀಚಿಂಗ್ ಪುಡಿಯೂ ಸೂಕ್ಷ್ಮಾಣುವನ್ನು ಕೊಲ್ಲುತ್ತದೆ. ಹಾಗೆಂದು ಅದನ್ನು ಗಾಯಕ್ಕೆ ತುಂಬುವವರುಂಟೆ? ಗಾಯದಲ್ಲಿ ರಕ್ತವಿದೆ, ಕೀವಿದೆ, ಉಪ್ಪಿದೆ, ಪ್ರೋಟೀನಿದೆ. ಮೊದಲು ಹೇಳಿದ ಕೊಳವೆ ಬಾವಿಯ ನೀರಿನಂತೆಯೇ ಅಲ್ಲಿಯೂ ಬೆಳ್ಳಿಯ ಒಂದು ಭಾಗ ಕ್ಲೋರೈಡ್ ಆಗಿ ಕುಳಿತುಬಿಡುತ್ತದೆ, ಒಂದು ಭಾಗ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ತಟ್ಟೆಯಲ್ಲಿ ಗೆದ್ದದ್ದು ಗಾಯದಲ್ಲಿ ಗೆಲ್ಲಬೇಕೆಂದಿಲ್ಲ. ಆಮೇಲೆ ಪ್ರಾಣಿಗಳ ಮೇಲೆ, ಅದಾದ ಮೇಲೆ ಒಪ್ಪಿಗೆ ಕೊಟ್ಟ ರೋಗಿಗಳ ಮೇಲೆ, ಇತರ ಔಷಧದೊಡನೆ ಹೋಲಿಸಿ ಪರೀಕ್ಷೆ ನಡೆಯಬೇಕು. ಸೊಪ್ಪಿನಿಂದ ಮಾಡಿದ ಬೆಳ್ಳಿಯ ಮೇಲಿನ ಕೆಲಸದಲ್ಲಿ ಬಹುಪಾಲು ಮೊದಲ ಮೆಟ್ಟಿಲಿನಲ್ಲಿಯೇ ನಿಂತಿದೆ.

ನಿಲ್ಲಲು ಒಂದು ದೊಡ್ಡ ಕಾರಣವು ರೈತರಿಗೆ ಬೇಗ ಅರ್ಥವಾಗುವಂತಹುದು. ಎಲೆ ಎಂಬುದು ಕಾರ್ಖಾನೆಯ ಸರಕಲ್ಲ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯಲ್ಲಿ, ಭತ್ತದ ಗದ್ದೆಯ ತೇವದಲ್ಲಿ ನಿಂತ ಬೇವಿನ ಮರವೂ, ದೇವದುರ್ಗದ ಕಡೆ ಮಳೆಯನ್ನೇ ನಂಬಿದ ಹೊಲದ ಬದುವಿನ ಬೇವಿನ ಮರವೂ ಹೆಸರಿಗೆ ಒಂದೇ ಮರ. ಎಲೆಯ ರಸ ಒಂದೇ ಆಗಿರಲಾರದು. ಯುಗಾದಿಯ ಚಿಗುರೆಲೆಗೂ ಮಳೆ ಮುಗಿದ ಮೇಲಿನ ಬಲಿತ ಎಲೆಗೂ ವ್ಯತ್ಯಾಸವುಂಟು. ಬಿಸಿಲಿನಲ್ಲಿ ಒಣಗಿಸಿದ್ದಕ್ಕೂ ನೆರಳಿನಲ್ಲಿ ಒಣಗಿಸಿದ್ದಕ್ಕೂ ಉಂಟು. ರಸ ಬದಲಾದರೆ ಕಣದ ಗಾತ್ರ ಬದಲಾಗುತ್ತದೆ, ಅದನ್ನು ಸುತ್ತಿದ ಪೊರೆ ಬದಲಾಗುತ್ತದೆ. ಅದರೊಡನೆ ಗುಣವೂ ಬದಲಾಗುತ್ತದೆ. ಇಂದು ಮಾಡಿದ ಔಷಧವೂ ಆರು ತಿಂಗಳ ಮೇಲೆ ಮಾಡಿದ ಔಷಧವೂ ಒಂದೇ ಆಗಿದ್ದರೆ ತಾನೆ ವೈದ್ಯನು ಅದರ ಪ್ರಮಾಣವನ್ನು ಬರೆದುಕೊಡಲು ಸಾಧ್ಯ? ಕಂದು ಬಣ್ಣ ಬಂದಿತೆಂದ ಮಾತ್ರಕ್ಕೆ ಔಷಧವಾಯಿತೆಂದು ತಿಳಿಯುವುದು, ತೆನೆ ಬಂದಿತೆಂದ ಮಾತ್ರಕ್ಕೆ ಕಾಳು ತುಂಬಿತೆಂದು ತಿಳಿದಂತೆ. ಕಣದ ಅಳತೆ, ಆಕಾರ, ಅದರ ಮೇಲಿನ ವಿದ್ಯುದಂಶ, ದ್ರಾವಣದಲ್ಲಿ ಉಳಿದ ಕರಗಿದ ಬೆಳ್ಳಿ, ಇಷ್ಟನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಮೊದಲಾದ ಉಪಕರಣಗಳಿಂದ ಪರೀಕ್ಷಿಸಬೇಕು.

ಭಾರತ ಸರ್ಕಾರವು ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ 2019ರಲ್ಲಿಯೂ, ಕೃಷಿಯಲ್ಲಿ ಬಳಸುವ ನ್ಯಾನೊ ಪರಿಕರಗಳಿಗೆ 2020ರಲ್ಲಿಯೂ ಮಾರ್ಗಸೂಚಿಗಳನ್ನು ಹೊರಡಿಸಿದೆ. ಔಷಧವೆಂದು ಮಾರುವ ಯಾವುದೇ ವಸ್ತುವಿಗೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಂತೆ ತಯಾರಕನಿಗೆ ಪರವಾನಗಿ ಇರಬೇಕು. ಹತ್ತಿಗೋ ಮೆಣಸಿನಕಾಯಿಗೋ ರೋಗನಾಶಕವೆಂದು ಮಾರುವುದಾದರೆ 1968ರ ಕೀಟನಾಶಕ ಕಾಯಿದೆಯಡಿ ನೋಂದಣಿಯಾಗಿರಬೇಕು. ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ವಿನಂತಿ: ಹಳ್ಳಿಯಲ್ಲಿ ಯಾರಾದರೂ ಬೆಳ್ಳಿ ನೀರಿನ ಶೀಶೆ ತೋರಿಸಿದರೆ ಮೊದಲು ಚೀಟಿಯ ಮೇಲಿನ ಪರವಾನಗಿ ಅಥವಾ ನೋಂದಣಿಯ ಸಂಖ್ಯೆಯನ್ನು ಓದಿಸಿರಿ. ಒಂದೇ ಶೀಶೆ ಮನುಷ್ಯನಿಗೂ ದನಕ್ಕೂ ಬೆಳೆಗೂ ಆಗುತ್ತದೆಂದು ಬರೆದಿದ್ದರೆ ಮುಂದಕ್ಕೆ ಓದುವ ಅಗತ್ಯವೇ ಇಲ್ಲ.

ಇಂತಹ ನೀರನ್ನು ಕುಡಿಯುವ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳಬೇಕು. ನಮ್ಮ ದೇಶದ ಕುಡಿಯುವ ನೀರಿನ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಬೆಳ್ಳಿ 0.1 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು. ಮೇಲೆ ವಿವರಿಸಿದ ಕಂದು ನೀರಿನಲ್ಲಿ ಲೀಟರಿಗೆ ಸುಮಾರು 97 ಮಿಲಿಗ್ರಾಂ ಬೆಳ್ಳಿ ಇರುತ್ತದೆ. ಹೆಚ್ಚುಕಡಿಮೆ ಸಾವಿರ ಪಟ್ಟು. ಬೆಳ್ಳಿಯನ್ನು ಬಹುಕಾಲ ಹೊಟ್ಟೆಗೆ ತೆಗೆದುಕೊಂಡವರ ಮೈಚರ್ಮ ಬೂದಿ-ನೀಲಿ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಆರ್ಜಿರಿಯಾ ಎಂದು ಹೆಸರು. ಬೆರಳಿನ ಶಾಯಿಯಾದರೆ ಉಗುರು ಬೆಳೆದಂತೆ, ಚರ್ಮ ಸುಲಿದಂತೆ ಹೋಗುತ್ತದೆ. ಈ ಬಣ್ಣ ಒಳಗಿನಿಂದ ಬಂದುದಾದ್ದರಿಂದ ಸಾಯುವವರೆಗೂ ಹೋಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲಿಯೇ, ವೈದ್ಯರ ಚೀಟಿಯಿಲ್ಲದೆ ಮಾರುವ ಇಂತಹ ಬೆಳ್ಳಿಯ ಔಷಧಗಳನ್ನು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಒಪ್ಪಲಾಗದು ಎಂದು ನಿಯಮ ಮಾಡಿತು. ಆಯುರ್ವೇದದ ರಜತ ಭಸ್ಮವನ್ನು ಇದರೊಡನೆ ಬೆರೆಸಿ ಮಾತನಾಡುವವರಿದ್ದಾರೆ. ಅದರ ಸಂಸ್ಕಾರವೇ ಬೇರೆ, ವಸ್ತುವೂ ಬೇರೆ. ಅದು ವೈದ್ಯರ ಕೈಯಲ್ಲಿರಬೇಕಾದ ಔಷಧ. ಅದರ ಹೆಸರನ್ನು ಹೇಳಿ ಕಂದು ನೀರನ್ನು ಮಾರುವುದು ಸಲ್ಲದು.

ಮಾಡಿ ನೋಡುವ ಉತ್ಸಾಹದ ತರುಣರಿಗೂ ಒಂದು ಮಾತು. ಸಿಲ್ವರ್ ನೈಟ್ರೇಟ್ ಕಣ್ಣಿಗೆ ಬಿದ್ದರೆ ಸುಡುತ್ತದೆ, ಕೈಗೆ ತಾಗಿದರೆ ಕಪ್ಪು ಕಲೆ ಕಟ್ಟುತ್ತದೆ. ಅದಕ್ಕೆ ಅಮೋನಿಯಾ ಬೆರೆಸಿ ಇಟ್ಟರೆ ಸಿಡಿಯುವ ವಸ್ತು ಉಂಟಾಗಬಹುದು. ಶಾಲೆಯಲ್ಲಿ ಪ್ರದರ್ಶನ ಮಾಡುವುದಿದ್ದರೆ ರಸಾಯನ ಶಾಸ್ತ್ರದ ಅಧ್ಯಾಪಕರ ಮುಂದೆಯೇ, ಕನ್ನಡಕ ಮತ್ತು ಕೈಚೀಲ ಧರಿಸಿ ಮಾಡಬೇಕು. ಉಳಿದುದನ್ನು ಬಚ್ಚಲಿಗಾಗಲಿ ಹೊಲಕ್ಕಾಗಲಿ ಚೆಲ್ಲಬಾರದು. ಸೂಕ್ಷ್ಮಾಣುವನ್ನು ಕೊಲ್ಲುವ ವಸ್ತು ಮಣ್ಣಿಗೆ ಬಿದ್ದ ಮೇಲೆ, ಇದು ಕೀವಿನ ಸೂಕ್ಷ್ಮಾಣು, ಇದು ತೊಗರಿಯ ಬೇರಿನ ಗಂಟಿನ ಸೂಕ್ಷ್ಮಾಣು ಎಂದು ವಿಚಾರಿಸುವುದಿಲ್ಲ. ಅಮೋನಿಯಾವನ್ನು ನೈಟ್ರೇಟ್ ಆಗಿಸಿ ಬೆಳೆಗೆ ಒದಗಿಸುವ ಮಣ್ಣಿನ ಜೀವಾಣುಗಳು ಬೆಳ್ಳಿಗೆ ವಿಶೇಷವಾಗಿ ಸೂಕ್ಷ್ಮವಾದವು ಎಂಬುದು ತಿಳಿದ ಸಂಗತಿ.

ಸೊಪ್ಪಿಗೆ ಬೆಲೆ ಬರುತ್ತದೆಯೆ ಎಂಬುದು ರೈತರು ಕೇಳಬೇಕಾದ ಪ್ರಶ್ನೆ. ಉತ್ತರವನ್ನು ಲೆಕ್ಕದಲ್ಲಿಯೇ ನೋಡೋಣ. ಮೇಲೆ ಹೇಳಿದ ಪ್ರಮಾಣದಲ್ಲಿ ಒಂದು ಲೀಟರ್ ಬೆಳ್ಳಿಯ ದ್ರಾವಣಕ್ಕೆ ಬೇಕಾಗುವ ಸೊಪ್ಪು ಸುಮಾರು 11 ಗ್ರಾಂ, ಅದರಲ್ಲಿರುವ ಬೆಳ್ಳಿ ಸುಮಾರು 108 ಮಿಲಿಗ್ರಾಂ. ಹಾಗಾದರೆ ಪೂರ್ತಿ ಒಂದು ಕಿಲೋ ಬೆಳ್ಳಿಯನ್ನು ಕಣಗಳಾಗಿಸಲು ಬೇಕಾದುದು ಒಂಬತ್ತು ಸಾವಿರ ಲೀಟರಿಗೂ ಮೀರಿದ ದ್ರಾವಣ. ಸೊಪ್ಪು ಮಾತ್ರ ಸುಮಾರು 100 ಕಿಲೋ. ಕೆಲವು ಬೇವಿನ ಮರಗಳ ರೆಂಬೆ ಸವರಿದರೆ ಅಷ್ಟು ಬಂದೀತು. ಗಾಯದ ಪಟ್ಟಿಗೆ ಚದರ ಸೆಂಟಿಮೀಟರಿಗೆ ಒಂದು ಮಿಲಿಗ್ರಾಮಿನಷ್ಟು ಬೆಳ್ಳಿ ಹಾಕಿದರೂ ಒಂದು ಕಿಲೋ ಬೆಳ್ಳಿ ಒಂದು ಗುಂಟೆಯಷ್ಟು ಪಟ್ಟಿಗೆ ಸಾಕು. ಅಂದಮೇಲೆ ಈ ಉದ್ಯಮ ನಾಳೆ ಬೆಳೆದರೂ ಎಕರೆಗಟ್ಟಲೆ ಸೊಪ್ಪಿನ ಬೇಸಾಯಕ್ಕೆ ಅದರಲ್ಲಿ ಜಾಗವಿಲ್ಲ. ಹಿಂದೆ ಲೋಳೆಸರ, ಸಫೇದ್ ಮುಸ್ಲಿಗಳ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಸಸಿ ಮಾರಿ, ಫಸಲನ್ನು ಕೊಳ್ಳುವ ಹೊತ್ತಿಗೆ ಕಾಣೆಯಾದವರ ಕತೆಗಳನ್ನು ತಾವು ಕೇಳಿದ್ದೀರಿ. ನ್ಯಾನೊ ಬೆಳ್ಳಿಗಾಗಿ ತುಳಸಿ ಹಾಕಿರಿ ಎಂದು ಯಾರಾದರೂ ಬಂದರೆ ಈ ಲೆಕ್ಕವನ್ನು ಅವರ ಮುಂದಿಡಿ.

ಬೆಳೆಯ ಉಳಿಕೆಗೆ ಬೆಳ್ಳಿಯಿಂದ ಉಪಯೋಗ ದೊರೆತ ಒಂದು ಉದಾಹರಣೆ ಇದೆ. ಅದು ಸೊಪ್ಪಿನದಲ್ಲ, ಹೊಟ್ಟಿನದು. 2009ರ ಡಿಸೆಂಬರಿನಲ್ಲಿ ಟಾಟಾ ಸಂಸ್ಥೆಯವರು ಹೊರತಂದ ಸ್ವಚ್ಛ್ ಎಂಬ ನೀರು ಶೋಧಕದಲ್ಲಿ, ಭತ್ತದ ಹೊಟ್ಟಿನ ಬೂದಿಯ ಮೇಲೆ ಬೆಳ್ಳಿಯ ನ್ಯಾನೊ ಕಣಗಳನ್ನು ಕೂರಿಸಿದ್ದರು. ವಿದ್ಯುತ್ತಿಲ್ಲದೆ ನೀರು ಸೋಸಿ ಬರುತ್ತಿತ್ತು. ಬೆಳ್ಳಿಯನ್ನು ನೀರಿಗೆ ಕಲಸದೆ ಬೂದಿಗೆ ಅಂಟಿಸಿಟ್ಟದ್ದು ಅದರ ಜಾಣತನ. ರಾಯಚೂರು, ಮಾನ್ವಿಗಳ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬೀಳುವ ಹೊಟ್ಟನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯದಲ್ಲಿಯೂ ಕೃಷಿ ಇಂಜಿನಿಯರಿಂಗ್ ವಿಭಾಗದಡಿ ನ್ಯಾನೊ ತಂತ್ರಜ್ಞಾನದ ಕೆಲಸ ನಡೆದಿದೆ. ತೊಗರಿ ಬೀಜಕ್ಕೆ ಸತು ಮತ್ತು ಕಬ್ಬಿಣದ ನ್ಯಾನೊ ಕಣಗಳ ಲೇಪನ ಕೊಟ್ಟು ಮೊಳಕೆಯ ಗುಣವನ್ನು ಪರೀಕ್ಷಿಸಿದ ಫಲಿತಾಂಶಗಳು 2016ರಲ್ಲಿ ಪ್ರಕಟವಾಗಿವೆ. ರೈತನ ಮಟ್ಟಿಗೆ ಔಷಧಕ್ಕಿಂತ ಇಂತಹ ಕೆಲಸವೇ ಹತ್ತಿರದ್ದೆಂದು ನನಗೆ ತೋರುತ್ತದೆ.

ಗಾಯವಾದಾಗ ಏನು ಮಾಡಬೇಕೆಂಬುದು ಉಳಿಯಿತು. ಕುಡುಗೋಲು ತಾಗಿದ್ದಾಗಲಿ, ನಾಟಿಯ ಕೆಸರಿನಲ್ಲಿ ಕಾಲಿಗೆ ಚುಚ್ಚಿದ್ದಾಗಲಿ, ಮೊದಲು ಶುದ್ಧ ನೀರು ಮತ್ತು ಸಾಬೂನಿನಿಂದ ಚೆನ್ನಾಗಿ ತೊಳೆದು ಒಗೆದ ಬಟ್ಟೆ ಕಟ್ಟಿರಿ. ಧನುರ್ವಾಯುವಿನ ಚುಚ್ಚುಮದ್ದನ್ನು ಮರೆಯಬೇಡಿ. ಬೆಂಕಿ ತಾಗಿದರೆ ಇಪ್ಪತ್ತು ನಿಮಿಷ ತಣ್ಣೀರಿನ ಧಾರೆ ಹಿಡಿಯಿರಿ. ಶಾಯಿ, ಹಲ್ಲುಪುಡಿ, ಸೊಪ್ಪಿನ ರಸ ಯಾವುದನ್ನೂ ಮೆತ್ತಬೇಡಿ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಎಷ್ಟೇ ಸಣ್ಣದಿರಲಿ, ದೇವದುರ್ಗ, ಮಾನ್ವಿಗಳ ತಾಲ್ಲೂಕು ಆಸ್ಪತ್ರೆಗೆ ತೋರಿಸಲೇಬೇಕು. ಹೆಚ್ಚಿನದಾದರೆ ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ಬೆಳ್ಳಿಯ ಮುಲಾಮು ಬೇಕೋ ಬೇಡವೋ ಎಂಬುದನ್ನು ಅವರು ಹೇಳುತ್ತಾರೆ. ಎತ್ತು, ಎಮ್ಮೆಗಳ ಗೊರಸಿನ ಹುಣ್ಣಿಗೂ ಇದೇ ಮಾತು, ಪಶುವೈದ್ಯರನ್ನು ಕೇಳಿ.

ಕಾಲೇಜಿನ ಮಕ್ಕಳಾಗಲಿ ಸಂಶೋಧಕರಾಗಲಿ ಪ್ರಯೋಗಕ್ಕೆಂದು ಸೊಪ್ಪು ಕೇಳಿಕೊಂಡು ತಮ್ಮ ಹೊಲಕ್ಕೆ ಬರಬಹುದು. ಧಾರಾಳವಾಗಿ ಕೊಡಿ. ಕೊಡುವಾಗ ಯಾವ ತಾರೀಖು ಕೊಯ್ದದ್ದು, ಎಷ್ಟು ವರ್ಷದ ಮರ, ಕಪ್ಪು ಮಣ್ಣೋ ಕೆಂಪು ಮಣ್ಣೋ, ನೀರಾವರಿಯೋ ಖುಷ್ಕಿಯೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅವರ ಅರ್ಧ ಕೆಲಸ ಹಗುರವಾಗುತ್ತದೆ. ಸೊಪ್ಪನ್ನು ನೆರಳಿನಲ್ಲಿ ಆರಿಸಿ ಕಾಗದದ ಚೀಲದಲ್ಲಿ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ಔಷಧ ಸಿಂಪಡಿಸಿದ ಹತ್ತಿ ಹೊಲದ ಬದುವಿನ ಮರದಿಂದ ಮಾತ್ರ ಕೊಯ್ಯಬೇಡಿ.